ಗಣಿಯ ಬಾಯಲ್ಲಿ ಕಾದು ಕೂತವರಿಗೆ ಆಸರೆಯಾಗುವುದು ಹೇಗೆ?

ಕೋಲಾರದ ಚಿನ್ನದ ಗಣಿ ನಡೆಯುತ್ತಿದ್ದ ಕಾಲದಲ್ಲಿ ಕೆಜಿಎಫ್‌ನ ಕಾರ್ಮಿಕರ ಮನೆಗಳಿಗೆ ಅಪಘಾತದ ಸುದ್ದಿಯನ್ನು ಮೊದಲು ತರುತ್ತಿದ್ದದ್ದು ನೆಲ. ಆಳದಲ್ಲಿ ಒತ್ತಡ ತಾಳದೆ ಬಂಡೆ ಸಿಡಿದರೆ ಮೇಲೆ ಮನೆಯ ಗೋಡೆ ಅದುರುತ್ತಿತ್ತು, ಅಟ್ಟದ ಮೇಲಿನ ಪಾತ್ರೆ ಕುಲುಕುತ್ತಿತ್ತು. ಗಣಿಯವರ ಬಾಯಲ್ಲಿ ಅದು ‘ರಾಕ್‌ಬರ್ಸ್ಟ್’. ಚಾಂಪಿಯನ್ ರೀಫ್ ಗಣಿಯ ಆಳ 3 ಕಿಲೋಮೀಟರಿಗೂ ಹೆಚ್ಚು. ಅಷ್ಟು ಕೆಳಗೆ ಏನಾಯಿತು, ಯಾವ ಪಾಳಿಯವರು ಸಿಕ್ಕಿಕೊಂಡರು ಎಂದು ಒಲೆಯ ಮುಂದೆ ಕೂತವರಿಗೆ ತಿಳಿಯುವ ಬಗೆ ಯಾವುದು? ಶಾಫ್ಟಿನ ಕಡೆ ಓಡಬೇಕು. ಕೇಜು ಮೇಲೆ ಬಂದಾಗಲೆಲ್ಲ ಇಳಿಯುವ ಮುಖಗಳಲ್ಲಿ ನಮ್ಮವರ ಮುಖ ಹುಡುಕಬೇಕು.

2001ರ ಫೆಬ್ರವರಿ 28ಕ್ಕೆ ಕೆಜಿಎಫ್ ಗಣಿ ಮುಚ್ಚಿತು. ಆದರೆ ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ಇಂದಿಗೂ ಪ್ರತಿ ಪಾಳಿಯಲ್ಲೂ ಜನ ನೆಲದಡಿ ಇಳಿಯುತ್ತಾರೆ. ಪಕ್ಕದ ತೆಲಂಗಾಣದ ಸಿಂಗರೇಣಿಯಲ್ಲಿ ಕಲ್ಲಿದ್ದಲಿಗಾಗಿ ಇಳಿಯುತ್ತಾರೆ. ನೀರಾವರಿಗೆ, ರೈಲಿಗೆ, ರಸ್ತೆಗೆ ಎಂದು ದೇಶದ ಉದ್ದಗಲಕ್ಕೂ ಸುರಂಗ ಕೊರೆಯುತ್ತಿದ್ದಾರೆ. ಅವಘಡವಾದರೆ ರಕ್ಷಣೆಗೆ ಬೇಕಾದ ಯಂತ್ರ, ತಂಡ, ಆಮ್ಲಜನಕದ ಬಗ್ಗೆ ಸಾಕಷ್ಟು ಚರ್ಚೆಯಾಗುತ್ತದೆ. ಗಣಿಯ ಗೇಟಿನ ಹೊರಗೆ ಬರಿಗಾಲಲ್ಲಿ ನಿಂತ ತಾಯಿ, ಹೆಂಡತಿ, ಮಕ್ಕಳಿಗೆ ಏನು ಮಾಡಬೇಕು ಎನ್ನುವುದು ಮಾತ್ರ ಆ ಹೊತ್ತಿಗೆ ಯಾರಿಗೆ ತೋಚಿತೋ ಅಷ್ಟು. ಗಣಿ ಊರಿನವರು, ಕಾರ್ಮಿಕ ಸಂಘದವರು, ಪಂಚಾಯಿತಿ ಸದಸ್ಯರು, ಆಶಾ ಕಾರ್ಯಕರ್ತೆಯರು, ನೆರೆಹೊರೆಯವರು ಮೊದಲೇ ತಿಳಿದಿರಬೇಕಾದ ಸಂಗತಿಗಳು ಇಲ್ಲಿವೆ.

ಕೆಳಗಿನವರಿಗೆ ಗಾಳಿ, ಮೇಲಿನವರಿಗೆ ಮಾಹಿತಿ

ಗಣಿಯಲ್ಲಿ ಸಿಕ್ಕಿಕೊಂಡವರಿಗೆ ಮೊದಲು ಬೇಕಾದದ್ದು ಗಾಳಿ. ಮೇಲೆ ಕಾಯುವವರಿಗೆ ಮೊದಲು ಬೇಕಾದದ್ದು ನಿಜವಾದ ಮಾಹಿತಿ. ಅದು ಸಿಗದ ಕಡೆ ಗಾಳಿಸುದ್ದಿ ನುಗ್ಗುತ್ತದೆ. ತಪ್ಪು ಮಾಹಿತಿ ಎಷ್ಟು ಕ್ರೂರವಾಗಬಲ್ಲದು ಎನ್ನುವುದಕ್ಕೆ ಅಮೆರಿಕದ ವೆಸ್ಟ್ ವರ್ಜೀನಿಯಾದ ಸಾಗೋ ಗಣಿಯ ಪ್ರಕರಣ ನೆನಪಿಡಬೇಕು.

2006ರ ಜನವರಿ 2ರಂದು ಅಲ್ಲಿ ಸ್ಫೋಟವಾಗಿ 13 ಮಂದಿ ಒಳಗೆ ಸಿಕ್ಕಿಕೊಂಡರು. ಮನೆಯವರು ಹತ್ತಿರದ ಚರ್ಚಿನಲ್ಲಿ ಕಾಯುತ್ತಿದ್ದರು. ಮರುದಿನ ನಡುರಾತ್ರಿಯ ಹೊತ್ತಿಗೆ ಮುಖವಾಡ ತೊಟ್ಟ ರಕ್ಷಣಾ ಸಿಬ್ಬಂದಿ ಆಡಿದ ಮಾತು ಬಾಯಿಂದ ಬಾಯಿಗೆ ದಾಟಿ ಮೇಲೆ ಬರುವಷ್ಟರಲ್ಲಿ ಬದಲಾಗಿಹೋಯಿತು. ‘12 ಮಂದಿ ಬದುಕಿದ್ದಾರೆ’ ಎಂಬ ಸುದ್ದಿ ಚರ್ಚಿಗೆ ಮುಟ್ಟಿತು. ಗಂಟೆ ಬಾರಿಸಿದರು, ಹಾಡಿದರು, ಅಪ್ಪಿಕೊಂಡು ಅತ್ತರು. ಸುದ್ದಿ ತಪ್ಪಿರಬಹುದೆಂದು ನಿಯಂತ್ರಣ ಕೊಠಡಿಗೆ ಗೊತ್ತಾದ ಮೇಲೂ ಚರ್ಚಿಗೆ ಬಂದು ಹೇಳುವವರಿರಲಿಲ್ಲ. ಸುಮಾರು 3 ಗಂಟೆ ಕಳೆದ ಮೇಲೆ ನಿಜ ತಿಳಿಯಿತು: 12 ಮಂದಿ ಸತ್ತಿದ್ದರು, ಬದುಕಿದ್ದವನು ಒಬ್ಬನೇ.

ಅದೇ ವರ್ಷ ಅಮೆರಿಕ ಹೊಸ ಗಣಿ ಸುರಕ್ಷತಾ ಕಾನೂನು ತಂದಿತು. ಗಣಿ ದುರಂತವಾದಾಗ ಸಂತ್ರಸ್ತ ಕುಟುಂಬಗಳ ಸಂಪರ್ಕಕ್ಕೆ ಸರ್ಕಾರದ ಒಬ್ಬ ಅಧಿಕಾರಿಯನ್ನು ನೇಮಿಸಬೇಕು, ಕುಟುಂಬ ಮತ್ತು ಪತ್ರಿಕೆಗಳಿಗೆ ಮಾಹಿತಿ ಕೊಡುವ ಮುಖ್ಯ ಹೊಣೆಯನ್ನು ಗಣಿ ಸುರಕ್ಷತಾ ಇಲಾಖೆಯೇ ಹೊರಬೇಕು ಎಂದು ಅದರಲ್ಲಿ ಬರೆದರು. ಆ ಚರ್ಚಿನಲ್ಲಿ ಕಳೆದ ರಾತ್ರಿಯ ಪಾಠ ಅದು.

ಮೊದಲ ಒಂದು ಗಂಟೆಯ ಕೆಲಸ

ಒಂದು: ಹೆಸರಿನ ಪಟ್ಟಿ. ಯಾವ ಕ್ಷಣದಲ್ಲಿ ನೋಡಿದರೂ ನೆಲದಡಿ ಯಾರ್‍ಯಾರಿದ್ದಾರೆ ಎಂದು ತೋರಿಸುವ ರಿಜಿಸ್ಟರ್ ಗಣಿಯಲ್ಲಿ ಇರಲೇಬೇಕು ಎಂದು 1952ರ ಗಣಿ ಕಾಯ್ದೆ ಹೇಳಿತ್ತು. ಹಾಜರಿ ಪುಸ್ತಕವನ್ನೂ ಲ್ಯಾಂಪ್ ರೂಮಿನಿಂದ ಹೊರಹೋದ ದೀಪಗಳ ಲೆಕ್ಕವನ್ನೂ ತಾಳೆ ನೋಡಿದರೆ ಹೆಸರುಗಳು ಸಿಗುತ್ತವೆ. ಗುತ್ತಿಗೆ ಕಾರ್ಮಿಕರನ್ನು ಮರೆಯುವಂತಿಲ್ಲ. ಎಷ್ಟೋ ಸಲ ಬಿಟ್ಟುಹೋಗುವುದು ಅವರ ಹೆಸರೇ.

ಪಟ್ಟಿಯೇ ಇಲ್ಲದ ಕಡೆ ಏನಾಗುತ್ತದೆ ಎಂಬುದನ್ನು ಮೇಘಾಲಯದ ಕ್ಸಾನ್ ತೋರಿಸಿತು. 2018ರ ಡಿಸೆಂಬರ್ 13ರಂದು ಅಲ್ಲಿನ ಅಕ್ರಮ ಇಲಿಬಿಲ ಗಣಿಗೆ (ತೆವಳಿ ಹೋಗುವಷ್ಟೇ ಕಿರಿದಾದ ಬಿಲಗಳ ಗಣಿ) ನೀರು ನುಗ್ಗಿತು. ಒಳಗಿದ್ದವರು 15 ಮಂದಿ ಎಂದರು, ಇನ್ನೂ ಹೆಚ್ಚು ಎಂದರು. ಲೆಕ್ಕ ಇಡದ ಗಣಿಯಲ್ಲಿ ಹೆಣದ ಲೆಕ್ಕವೂ ಇರುವುದಿಲ್ಲ. ಬಡ ಮನೆಗಳ ಜನ ತಮ್ಮ ಹುಡುಗ ಆ ಗುಂಡಿಯಲ್ಲೇ ಇದ್ದ ಎಂದು ತಾವೇ ಹೇಳಿಕೊಳ್ಳಬೇಕಾಯಿತು.

ಎರಡು: ಮನೆಗೆ ಆಳು ಕಳಿಸುವುದು. ಟಿವಿಯಲ್ಲಿ ಹೆಸರು ಓಡುವ ಮೊದಲು ಮನೆಯ ಬಾಗಿಲಿಗೆ ಮನುಷ್ಯರು ಹೋಗಬೇಕು. ಇಬ್ಬರು ಹೋಗುವುದು ಒಳ್ಳೆಯದು. ಒಬ್ಬರು ಗಣಿಯ ಕಡೆಯವರು, ಇನ್ನೊಬ್ಬರು ಮನೆಯವರಿಗೆ ಪರಿಚಯದವರು. ಹೊರರಾಜ್ಯದ ಕಾರ್ಮಿಕನಾದರೆ ಅವನ ಊರಿನ ಪೊಲೀಸ್ ಠಾಣೆ, ತಹಶೀಲ್ದಾರ್ ಕಚೇರಿ ಮೂಲಕವಾದರೂ ಮಾತು ಮುಟ್ಟಿಸಬೇಕು, ಅವರದೇ ಭಾಷೆಯಲ್ಲಿ.

ಮೂರು: ಕೂರಲು ಜಾಗ. ಗೇಟಿನ ಬಿಸಿಲಲ್ಲಿ, ಕ್ಯಾಮೆರಾಗಳ ಮುಂದೆ ಅವರನ್ನು ನಿಲ್ಲಿಸಬಾರದು. ಗಣಿಗೆ ಹತ್ತಿರದ ಶಾಲೆಯೋ ಸಮುದಾಯ ಭವನವೋ ಆದೀತು. ಶಾಫ್ಟು ಕಾಣುವಷ್ಟು ಹತ್ತಿರವಿದ್ದರೆ ಜನ ಅಲ್ಲಿಂದ ಏಳುವುದಿಲ್ಲ. ಕಾಣದಷ್ಟು ದೂರವಿದ್ದರೆ ಏನನ್ನೋ ಮುಚ್ಚಿಡುತ್ತಿದ್ದಾರೆಂಬ ಅನುಮಾನ ಹುಟ್ಟುತ್ತದೆ. ನಡೆದು ಹೋಗಿ ನೋಡಿ ಬರುವಷ್ಟು ದೂರ ಸರಿ. ಕುಡಿಯುವ ನೀರು, ಹೆಂಗಸರಿಗೆ ಪ್ರತ್ಯೇಕ ಶೌಚಾಲಯ, ಚಾಪೆ, ಹೊದಿಕೆ, ಮೊಬೈಲ್ ಚಾರ್ಜಿಗೆ ಪ್ಲಗ್ಗು, ಮಗುವಿಗೆ ಹಾಲೂಡಿಸಲು ಮರೆ ಇರಬೇಕು. ಸಂಕಟದಲ್ಲಿ ಅವಸರದಿಂದ ಬಂದವರು ಬಿಪಿ ಮಾತ್ರೆ, ಸಕ್ಕರೆ ಕಾಯಿಲೆಯ ಇಂಜೆಕ್ಷನ್ ಮನೆಯಲ್ಲೇ ಬಿಟ್ಟು ಬಂದಿರುತ್ತಾರೆ. ಒಬ್ಬ ನರ್ಸನ್ನು ಅಲ್ಲೇ ಕೂರಿಸುವುದು ಜಾಣತನ.

ಒಂದೇ ಬಾಯಿ, ನಿಗದಿತ ಹೊತ್ತು

ಕುಟುಂಬಗಳ ಜತೆ ಮಾತಾಡುವವರು ಒಬ್ಬರೇ ಇರಲಿ. ಅವರಿಗೆ ಗಣಿಯ ಒಳಗು ತಿಳಿದಿರಬೇಕು, ಜನರ ಭಾಷೆ ಬರಬೇಕು, ರಕ್ಷಣೆಯ ನಿಯಂತ್ರಣ ಕೊಠಡಿಗೆ ನೇರ ಪ್ರವೇಶವಿರಬೇಕು. ಬೈಸಿಕೊಳ್ಳುವ ತಾಳ್ಮೆಯೂ ಬೇಕು. ದಿನಕ್ಕೊಬ್ಬರು ಬದಲಾದರೆ ಜನರ ನಂಬಿಕೆ ನಿಲ್ಲುವುದಿಲ್ಲ.

ಕಾಯುವ ಕೊಠಡಿಯ ಗೋಡೆಗೆ ಒಂದು ಕರಿಹಲಗೆ ತೂಗುಹಾಕಿ. ಅದರ ಮೇಲೆ ಈ ರೀತಿ ಬರೆದಿರಲಿ:

‘ಈಗ ಮಧ್ಯಾಹ್ನ 2 ಗಂಟೆ. ತಿಳಿದದ್ದು: ಪಂಪಿನಿಂದ ನೀರು ಎತ್ತುವ ಕೆಲಸ ನಡೆದಿದೆ. ತಿಳಿಯದ್ದು: ಒಳಗಿರುವವರ ಜತೆ ಇನ್ನೂ ಮಾತಾಗಿಲ್ಲ. ಮುಂದಿನ ಮಾಹಿತಿ: ಸಂಜೆ 5ಕ್ಕೆ. ಹೊಸದೇನೂ ಇಲ್ಲದಿದ್ದರೂ 5ಕ್ಕೆ ಬಂದು ಹೇಳುತ್ತೇವೆ.’

ಕೊನೆಯ ಸಾಲೇ ಮುಖ್ಯ. ಹೇಳಲು ಏನೂ ಇಲ್ಲವೆಂದು ಅಧಿಕಾರಿ ಬಾರದೆ ಉಳಿದರೆ ಕಾಯುವವರು ಅದನ್ನು ಓದುವುದೇ ಬೇರೆ ರೀತಿ: ‘ಏನೋ ಆಗಿದೆ, ನಮ್ಮಿಂದ ಮುಚ್ಚಿಡುತ್ತಿದ್ದಾರೆ.’ ಹೇಳಿದ ಹೊತ್ತಿಗೆ ಬಂದು ‘ಹೊಸದೇನೂ ಇಲ್ಲ’ ಎಂದರೂ ಅದೊಂದು ಸುದ್ದಿಯೇ. ಇನ್ನೊಂದು ನಿಯಮ: ಪತ್ರಕರ್ತರಿಗೆ ಹೇಳುವ ಮಾತನ್ನು ಅದಕ್ಕೂ ಮೊದಲು ಮನೆಯವರಿಗೆ ಹೇಳಿರಬೇಕು, ಐದು ನಿಮಿಷ ಮೊದಲಾದರೂ ಸರಿ.

ಗಡುವು ಕೊಡುವಾಗ ನಾಲಿಗೆ ಬಿಗಿಹಿಡಿಯಬೇಕು. ಉತ್ತರಾಖಂಡದ ಸಿಲ್ಕ್ಯಾರಾ ಸುರಂಗ ಗಣಿಯಲ್ಲದಿದ್ದರೂ ಕಾಯುವವರ ಪಾಡು ಅಲ್ಲೂ ಅದೇ. 2023ರ ನವೆಂಬರ್ 12ರಂದು, ದೀಪಾವಳಿಯ ದಿನ, ಸುರಂಗ ಕುಸಿದು 41 ಕಾರ್ಮಿಕರು ಒಳಗುಳಿದರು. ಎರಡನೇ ವಾರದಲ್ಲಿ ‘ಇನ್ನು ಕೆಲವೇ ಗಂಟೆ’ ಎಂಬ ಮಾತು ಮತ್ತೆಮತ್ತೆ ಕೇಳಿಬಂತು. ಆಂಬುಲೆನ್ಸುಗಳು ಸಾಲುಗಟ್ಟಿ ನಿಂತವು. ಅಷ್ಟರಲ್ಲಿ ಕೊರೆಯುವ ಆಗರ್ ಯಂತ್ರ ಕಬ್ಬಿಣಕ್ಕೆ ಸಿಕ್ಕಿ ಮುರಿಯಿತು. ಎಲ್ಲರೂ ಹೊರಬಂದದ್ದು 17ನೇ ದಿನ, ನವೆಂಬರ್ 28ರ ರಾತ್ರಿ; ಕೊನೆಯ ಕೆಲವು ಮೀಟರನ್ನು ಇಲಿಬಿಲ ಗಣಿಯ ಕೈಕೆಲಸಗಾರರು ಕೊರೆದರು. ಆ ನಡುವಿನ ದಿನಗಳಲ್ಲಿ ಬಟ್ಟೆ ಗಂಟು ಕಟ್ಟಿಕೊಂಡು ಸುರಂಗದ ಬಾಯಿಗೆ ಬಂದು, ಮತ್ತೆ ವಾಪಸಾದವರ ಮನಸ್ಸನ್ನು ಊಹಿಸಿ. ‘ಇಂದು ರಾತ್ರಿ’ ಎನ್ನುವ ಬದಲು ‘ಇನ್ನು ಇಷ್ಟು ಮೀಟರ್ ಉಳಿದಿದೆ, ದಾರಿಯಲ್ಲಿ ಇಂಥ ಅಡ್ಡಿ ಬರಬಹುದು’ ಎಂದರೆ ಜನ ಅರ್ಥ ಮಾಡಿಕೊಳ್ಳುತ್ತಾರೆ.

ರಕ್ಷಣೆ ನಿಂತಂತೆ ಕಂಡಾಗ

ಕುಟುಂಬದವರ ಸಿಟ್ಟು ಕಟ್ಟೆಯೊಡೆಯುವುದು ರಕ್ಷಣಾ ತಂಡ ಒಳಗೆ ಹೋಗದೆ ನಿಂತಾಗ. ‘ನಮ್ಮವರು ಒಳಗೆ ಸಾಯುತ್ತಿದ್ದಾರೆ, ಇವರು ಇಲ್ಲಿ ಚಹಾ ಕುಡಿಯುತ್ತಿದ್ದಾರೆ’ ಎನ್ನುತ್ತಾರೆ. ಇದಕ್ಕೆ ಉತ್ತರ ಪೊಲೀಸ್ ಬ್ಯಾರಿಕೇಡ್ ಅಲ್ಲ, ವಿವರಣೆ. ಕಲ್ಲಿದ್ದಲು ಗಣಿಯಲ್ಲಿ ಮೀಥೇನ್ ಇನ್ನೊಮ್ಮೆ ಸಿಡಿಯಬಹುದು. ಕಾರ್ಬನ್ ಮಾನಾಕ್ಸೈಡ್ ವಾಸನೆ ಇಲ್ಲದೆ ಕೊಲ್ಲುತ್ತದೆ. ಸಡಿಲವಾದ ಚಾವಣಿ ಮತ್ತೆ ಕುಸಿಯಬಹುದು. ಅಮೆರಿಕದ ಯೂಟಾ ರಾಜ್ಯದ ಕ್ರ್ಯಾಂಡಲ್ ಕ್ಯಾನ್ಯನ್ ಗಣಿಯಲ್ಲಿ 2007ರ ಆಗಸ್ಟ್ 6ರಂದು 6 ಮಂದಿ ಸಿಕ್ಕಿಕೊಂಡರು. ಅವರನ್ನು ಹುಡುಕುತ್ತಿದ್ದಾಗ ಆಗಸ್ಟ್ 16ರಂದು ಗೋಡೆ ಸಿಡಿದು ರಕ್ಷಣೆಗೆ ಹೋದ 3 ಮಂದಿ ಸತ್ತರು. ನ್ಯೂಜಿಲೆಂಡಿನ ಪೈಕ್ ರಿವರ್ ಗಣಿಯಲ್ಲಿ 2010ರ ನವೆಂಬರ್ 19ರಂದು ಮೊದಲ ಸ್ಫೋಟವಾಯಿತು, ಐದು ದಿನದ ನಂತರ ಎರಡನೆಯದು. ಒಳಗುಳಿದ 29 ಮಂದಿಯಲ್ಲಿ ಒಬ್ಬರೂ ಬರಲಿಲ್ಲ. ಒಳಗೆ ಹೋಗಿದ್ದರೆ ರಕ್ಷಣಾ ತಂಡವೂ ಅಲ್ಲೇ ಉಳಿಯುತ್ತಿತ್ತು.

ಇದನ್ನು ಕಾಗದದ ಮೇಲೆ ಚಿತ್ರ ಬಿಡಿಸಿ ತೋರಿಸಿ: ಇದು ಶಾಫ್ಟು, ಇದು ಗ್ಯಾಲರಿ, ಇಲ್ಲಿ ಕುಸಿದಿದೆ, ಇಲ್ಲಿಂದ ಬೋರ್‌ಹೋಲ್ ಕೊರೆಯುತ್ತಿದ್ದೇವೆ. ಕುಟುಂಬಗಳು ತಮ್ಮೊಳಗೇ ಇಬ್ಬರು ಮೂವರು ಪ್ರತಿನಿಧಿಗಳನ್ನು ಆರಿಸಿಕೊಳ್ಳಲಿ. ಸುರಕ್ಷಿತವಾದ ಮಟ್ಟಿಗೆ ಅವರನ್ನು ಕೆಲಸ ನಡೆಯುವಲ್ಲಿಗೆ ಕರೆದೊಯ್ದು ತೋರಿಸಿ. ಅಧಿಕಾರಿಯ ಹತ್ತು ಮಾತಿಗಿಂತ ನೋಡಿಬಂದ ಅಣ್ಣನ ಒಂದು ಮಾತಿಗೆ ತೂಕ ಹೆಚ್ಚು.

ಭರವಸೆಗೂ ಆಧಾರ ಬೇಕು. ಬಂಗಾಳದ ರಾಣಿಗಂಜ್‌ನ ಮಹಾಬೀರ್ ಗಣಿಗೆ 1989ರ ನವೆಂಬರಿನಲ್ಲಿ ನೀರು ನುಗ್ಗಿ 71 ಮಂದಿ ಸಿಕ್ಕಿಕೊಂಡಿದ್ದರು. ಮೇಲಿನಿಂದ ಬೋರ್‌ಹೋಲ್ ಕೊರೆದು, ಒಬ್ಬರು ನಿಲ್ಲುವಷ್ಟು ಅಗಲದ ಉಕ್ಕಿನ ಕ್ಯಾಪ್ಸೂಲ್ ಮಾಡಿಸಿ, ಎಂಜಿನಿಯರ್ ಜಸ್ವಂತ್ ಸಿಂಗ್ ಗಿಲ್ ತಾವೇ ಅದರೊಳಗೆ ಇಳಿದರು. 65 ಮಂದಿ ಒಬ್ಬೊಬ್ಬರಾಗಿ ಮೇಲೆ ಬಂದರು. 6 ಮಂದಿ ಬರಲಿಲ್ಲ. ಈ ಕಥೆ ಹೇಳುವಾಗ ಎರಡು ಸಂಖ್ಯೆಯನ್ನೂ ಹೇಳಬೇಕು.

ಪಕ್ಕದಲ್ಲಿ ಕೂರುವವರು ಆಡಬೇಕಾದ, ಆಡಬಾರದ ಮಾತು

ಮಾನಸಿಕ ಪ್ರಥಮ ಚಿಕಿತ್ಸೆ ಎಂಬುದು ವೈದ್ಯರಿಗಷ್ಟೇ ಸೇರಿದ ವಿದ್ಯೆಯಲ್ಲ. ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಮೂರು ಮಾತಿನಲ್ಲಿ ಹೇಳುತ್ತದೆ: ನೋಡು, ಕೇಳು, ಜೋಡಿಸು. ಯಾರಿಗೆ ಹೆಚ್ಚು ತೊಂದರೆಯಾಗಿದೆ ಎಂದು ನೋಡುವುದು, ಅವರು ಹೇಳಿದ್ದನ್ನು ಕೇಳುವುದು, ಬೇಕಾದ ನೆರವಿಗೆ ಜೋಡಿಸುವುದು. ದೊಡ್ಡ ಅವಘಡಗಳ ನಂತರ ಸಾಮಾನ್ಯ ಜನರನ್ನೇ ತರಬೇತುಗೊಳಿಸಿ ಈ ಕೆಲಸಕ್ಕೆ ಹಚ್ಚಿದ ಅನುಭವ ಬೆಂಗಳೂರಿನ ನಿಮ್ಹಾನ್ಸ್‌ಗೆ ಬಹಳ ವರ್ಷಗಳಿಂದ ಇದೆ.

‘ಏನೂ ಆಗಲ್ಲ, ಖಂಡಿತ ಬರ್ತಾರೆ’ ಎನ್ನಬೇಡಿ. ಆ ಖಾತರಿ ನಿಮ್ಮ ಕೈಯಲ್ಲಿಲ್ಲ. ‘ಅಳಬೇಡ, ಮಕ್ಕಳ ಮುಖ ನೋಡು’ ಎನ್ನಬೇಡಿ. ಮಕ್ಕಳ ಮುಖ ನೋಡಿಯೇ ಅವಳಿಗೆ ಅಳು ಬರುತ್ತಿರುತ್ತದೆ. ‘ಹಣೆಬರಹ’, ‘ದೇವರ ಇಚ್ಛೆ’ ಎಂಬ ಮಾತುಗಳನ್ನು ಅವರೇ ಆಡಿದರೆ ತಲೆಯಾಡಿಸಿ, ನೀವಾಗಿ ಆಡಬೇಡಿ. ಬದಲಿಗೆ ಹೀಗನ್ನಬಹುದು: ‘ನಾನು ಇಲ್ಲೇ ಇರ್ತೀನಿ. 5 ಗಂಟೆಗೆ ಸಾಹೇಬರು ಬರ್ತಾರೆ, ಒಟ್ಟಿಗೆ ಕೇಳೋಣ. ಅಲ್ಲೀತನಕ ಒಂದು ಗುಟುಕು ಚಹಾ ಕುಡೀರಿ.’ ಏನೂ ತೋಚದಿದ್ದರೆ ಸುಮ್ಮನೆ ಕೂತರೂ ಆಯಿತು.

ನಮ್ಮ ಊರುಗಳಿಗೇ ಸೇರಿದ ಇನ್ನೂ ಎರಡು ಎಚ್ಚರಗಳಿವೆ. ಗಂಡ ಒಳಗೆ ಬದುಕಿದ್ದಾನೋ ಇಲ್ಲವೋ ತಿಳಿಯುವ ಮೊದಲೇ ಕೆಲವು ಹಿರಿಯರು ಹೆಂಡತಿಯ ಕುಂಕುಮ, ಬಳೆಯ ಮಾತು ತೆಗೆಯುತ್ತಾರೆ. ಆ ಅವಸರಕ್ಕೆ ಅಡ್ಡ ನಿಲ್ಲಬೇಕು. ಮದುವೆಯಾಗಿ ವರ್ಷವೋ ಎರಡು ವರ್ಷವೋ ಆದ ಹುಡುಗಿಯಾದರೆ ‘ಅವಳ ಕಾಲ್ಗುಣ’ ಎಂಬ ಪಿಸುಮಾತು ಏಳುತ್ತದೆ. ಅದು ಅವಳ ಕಿವಿಗೆ ಬೀಳುವ ಮೊದಲೇ ಆಡಿದವರ ಬಾಯಿ ಮುಚ್ಚಿಸುವ ಒಬ್ಬ ಹಿರಿಯಳು ಆ ಕೋಣೆಯಲ್ಲಿದ್ದರೆ ಅರ್ಧ ಆಸರೆ ಸಿಕ್ಕಿದಂತೆ. ಗಣಿ ಚಾವಣಿ ಕುಸಿಯುವುದು ಬಂಡೆಯ ಒತ್ತಡದಿಂದ, ಸೊಸೆಯ ಕಾಲಿನಿಂದಲ್ಲ.

ಮಕ್ಕಳಿಗೆ ಸುಳ್ಳು ಹೇಳಬೇಡಿ. ‘ಅಪ್ಪ ಊರಿಗೆ ಹೋಗಿದ್ದಾರೆ’ ಎಂದರೆ ಸಂಜೆಯೊಳಗೆ ಶಾಲೆಯ ಗೆಳೆಯನೊಬ್ಬ ನಿಜ ಹೇಳಿರುತ್ತಾನೆ. ಆಮೇಲೆ ಆ ಮಗು ನಿಮ್ಮನ್ನು ನಂಬುವುದಿಲ್ಲ. ‘ಅಪ್ಪ ಕೆಲಸ ಮಾಡೋ ಜಾಗದಲ್ಲಿ ಕಲ್ಲು ಬಿದ್ದು ದಾರಿ ಮುಚ್ಚಿದೆ. ತುಂಬಾ ಜನ ದಾರಿ ತೆಗೀತಿದ್ದಾರೆ. ಯಾವಾಗ ಅಂತ ನಮಗಿನ್ನೂ ಗೊತ್ತಿಲ್ಲ’ ಎಂದರೆ ಆರು ವರ್ಷದ ಮಗುವಿಗೂ ಅರ್ಥವಾಗುತ್ತದೆ. ಊಟ, ನಿದ್ದೆ, ಆಟದ ಹೊತ್ತು ಆದಷ್ಟೂ ಮೊದಲಿನಂತೆಯೇ ಇರಲಿ. ಚಿಲಿಯ ಸ್ಯಾನ್ ಹೊಸೆ ಗಣಿಯ ಬಳಿ ಕುಟುಂಬಗಳು ಬಿಡಾರ ಹೂಡಿದಾಗ ಮಕ್ಕಳಿಗಾಗಿ ಅಲ್ಲೇ ಪುಟ್ಟ ಶಾಲೆಯೊಂದನ್ನು ತೆರೆದಿದ್ದರು.

ಚಿಲಿಯ ಬಿಡಾರ ಕಲಿಸಿದ್ದು

2010ರ ಆಗಸ್ಟ್ 5ರಂದು ಸ್ಯಾನ್ ಹೊಸೆ ತಾಮ್ರ–ಚಿನ್ನದ ಗಣಿ ಕುಸಿದು 33 ಮಂದಿ ಸುಮಾರು 700 ಮೀಟರ್ ಆಳದಲ್ಲಿ ಉಳಿದರು. ಅವರು ಬದುಕಿದ್ದಾರೆಂದು ತಿಳಿಯಲು 17 ದಿನ ಬೇಕಾಯಿತು. ಹೊರಬಂದದ್ದು 69 ದಿನಗಳ ಮೇಲೆ, ಅಕ್ಟೋಬರ್ 13ರಂದು. ಅಟಕಾಮ ಮರುಭೂಮಿಯ ಚಳಿಗಾಳಿಯಲ್ಲಿ ಮನೆಯವರು ಹಾಕಿದ ಡೇರೆಗಳ ಊರಿಗೆ ‘ಭರವಸೆಯ ಬಿಡಾರ’ ಎಂದೇ ಹೆಸರಾಯಿತು. ಬೆಟ್ಟದ ಮೇಲೆ 33 ಬಾವುಟ ನೆಟ್ಟರು: 32 ಚಿಲಿಯವು, ಒಂದು ಬೊಲಿವಿಯಾದ್ದು, ಏಕೆಂದರೆ ಒಳಗಿದ್ದ ಒಬ್ಬ ಆ ದೇಶದವನು. ಹೊರಗಿನಿಂದ ಬಂದ ಕೂಲಿಯವನನ್ನೂ ಎಣಿಸುವ ಆ ಒಂದು ಬಾವುಟದ ಮರ್ಯಾದೆ ನಮ್ಮ ಗಣಿಗಳೂ ಕಲಿಯಬೇಕಾದದ್ದು.

ಆ ಬಿಡಾರದಿಂದ ತೆಗೆದುಕೊಳ್ಳುವ ಪಾಠ ಮೂರು. ಮೊದಲನೆಯದು ಪತ್ರಗಳು. ಕೊರೆದ ರಂಧ್ರದಲ್ಲಿ ಕೊಳವೆ ಇಳಿಬಿಟ್ಟು ಊಟ, ಔಷಧದ ಜತೆ ಕಾಗದವನ್ನೂ ಕಳಿಸುತ್ತಿದ್ದರು. ಒಂದು ಹಂತದಲ್ಲಿ ಆ ಪತ್ರಗಳನ್ನು ಮನಶ್ಶಾಸ್ತ್ರಜ್ಞರು ಮೊದಲು ಓದುತ್ತಿದ್ದರು. ಒಳಗಿನವರಿಗೂ ಹೊರಗಿನವರಿಗೂ ಅದನ್ನು ಸಹಿಸಲಾಗಲಿಲ್ಲ, ಜಗಳವೇ ಆಯಿತು. ಮನೆಯವರಿಗೆ ಏನು ಬರೆದರೆ ಒಳ್ಳೆಯದೆಂದು ಸಲಹೆ ಕೊಡಿ: ‘ಮಗ ಪರೀಕ್ಷೆ ಬರೆದ’, ‘ಎಮ್ಮೆ ಕರು ಹಾಕಿತು’ ಎಂಬಂಥ ದಿನನಿತ್ಯದ ಮಾತು ಒಳಗಿನವನನ್ನು ಮನೆಗೆ ಕಟ್ಟಿಹಾಕುತ್ತದೆ. ಸಾಲಗಾರನ ಕಾಟ, ಮನೆಯ ಜಗಳ ಈಗ ಬೇಡ. ಸಲಹೆ ಅಲ್ಲಿಗೆ ಸಾಕು. ಪತ್ರ ಮಾತ್ರ ಅವರದೇ.

ಎರಡನೆಯದು, ‘ಕುಟುಂಬ’ ಎಂದರೆ ಯಾರು ಎಂಬ ಪ್ರಶ್ನೆ. ಒಬ್ಬನೇ ಗಣಿಗಾರನಿಗಾಗಿ ಹೆಂಡತಿಯೂ ಗೆಳತಿಯೂ ಕಾದು, ಒಬ್ಬರನ್ನೊಬ್ಬರು ಅಲ್ಲಿಯೇ ಕಂಡ ಪ್ರಸಂಗವನ್ನು ಜಗತ್ತಿನ ಪತ್ರಿಕೆಗಳು ಬಾಯಿ ಚಪ್ಪರಿಸಿ ಬರೆದವು. ನಮ್ಮಲ್ಲೂ ಬೇರೆಬೇರೆ ಇರುವ ದಂಪತಿ, ಎರಡನೇ ಸಂಸಾರ, ಅತ್ತೆ–ಸೊಸೆ ಮುನಿಸು ಎಲ್ಲವೂ ಗೇಟಿನ ಮುಂದೆ ಬಂದು ನಿಲ್ಲುತ್ತವೆ. ಮಾಹಿತಿ ಎಲ್ಲರಿಗೂ ಸಮ. ಬೇಕಾದರೆ ಬೇರೆಬೇರೆ ಕೋಣೆಯಲ್ಲಿ ಕೂರಿಸಿ ಹೇಳಿ. ತೀರ್ಪು ಕೊಡುವ ಕೆಲಸ ನೆರವಿಗೆ ಬಂದವರದಲ್ಲ.

ಮೂರನೆಯದು ಸಂಬಳ. ಗಣಿಯ ಮಾಲೀಕರು ವೇತನ ಕೊಡಲಾಗದ ಸ್ಥಿತಿಯಲ್ಲಿದ್ದೇವೆಂದು ಕೈಚೆಲ್ಲಿದ್ದರು. ಕಾಯುವ ಮನೆಗೂ ಅಕ್ಕಿ ಬೇಕು, ಶಾಲೆಯ ಫೀಸು ಬೇಕು, ಬೈಕಿನ ಕಂತು ಕಟ್ಟಬೇಕು. ಮೊದಲ ವಾರದಲ್ಲೇ ಸಂಬಳದ ಮುಂಗಡ ಕೈಗೆ ಸಿಗುವಂತೆ ಕಾರ್ಮಿಕ ಸಂಘ ಒತ್ತಾಯಿಸಬೇಕು. ಹಟ್ಟಿಯಂಥ ಕಡೆ ಕಂಪನಿಯ ಮನೆಯಲ್ಲಿರುವವರಿಗೆ ‘ಮನೆ ಬಿಡಬೇಕಾಗುತ್ತದೆಯೇ’ ಎಂಬ ಭಯ ಬಾಯಿಬಿಟ್ಟು ಕೇಳದಿದ್ದರೂ ಇರುತ್ತದೆ. ಅದಕ್ಕೂ ಉತ್ತರ ಸಿಗಲಿ. ನೆರೆಯವರು ಮಾಡಬಹುದಾದ ಸಣ್ಣ ಕೆಲಸಗಳೂ ಇವೆ: ಹಸು–ಎಮ್ಮೆಗೆ ಮೇವು, ಮನೆಯಲ್ಲುಳಿದ ಅಜ್ಜಿಗೆ ಊಟ, ಬೀಗ ಹಾಕಿದ ಮನೆಯ ಕಾವಲು.

ಕ್ಯಾಮೆರಾ ಮತ್ತು ಮೊಬೈಲ್

ಮೈಕ್ ಹಿಡಿದವರ ಜತೆ ಮಾತಾಡಲೇಬೇಕೆಂಬ ಕಟ್ಟುಪಾಡಿಲ್ಲ ಎಂದು ಮನೆಯವರಿಗೆ ತಿಳಿಸಿ. ಮಾತಾಡಲು ಇಷ್ಟವಿದ್ದವರು ಒಂದು ಜಾಗದಲ್ಲಿ, ಒಂದು ಹೊತ್ತಿನಲ್ಲಿ ಮಾತಾಡಲಿ. ಮಕ್ಕಳ ಮುಂದೆ ಮೈಕ್ ಹಿಡಿಯಲು ಬಿಡಬೇಡಿ. ವಾಟ್ಸ್ಆ್ಯಪ್‌ನಲ್ಲಿ ಬಂದ ಹೆಣದ ಚಿತ್ರವನ್ನು ‘ಇದು ನಮ್ಮವರದ್ದಾ ನೋಡಿ’ ಎಂದು ಮನೆಯವರಿಗೆ ಕಳಿಸುವುದು ಅಮಾನುಷ. ಅಂಥ ಚಿತ್ರಗಳಲ್ಲಿ ಬಹುಪಾಲು ಬೇರೆಲ್ಲಿಯದೋ ಆಗಿರುತ್ತವೆ. ಸುದ್ದಿ ನಿಜವೋ ಎಂದು ತಿಳಿಯಲು ಒಂದೇ ದಾರಿ: ಕರಿಹಲಗೆ.

ಕೆಟ್ಟ ಸುದ್ದಿ ಹೇಳುವ ಹೊತ್ತು

ಸಾವಿನ ಸುದ್ದಿಯನ್ನು ಗುರುತು ಖಚಿತವಾದ ಮೇಲಷ್ಟೇ, ಎದುರು ಕೂತು, ಬೇರೆ ಕೋಣೆಯಲ್ಲಿ, ಮೊದಲು ಹತ್ತಿರದವರಿಗೆ ಹೇಳಬೇಕು. ‘ತೀರಿಕೊಂಡಿದ್ದಾರೆ’ ಎಂಬ ಮಾತನ್ನೇ ಬಳಸಬೇಕು. ‘ಸ್ಥಿತಿ ಗಂಭೀರ’, ‘ಆಸ್ಪತ್ರೆಗೆ ಬನ್ನಿ’ ಎಂಬ ಸುತ್ತುಬಳಸು ಆ ದಾರಿಯುದ್ದಕ್ಕೂ ಸುಳ್ಳು ಆಸೆ ಹುಟ್ಟಿಸುತ್ತದೆ. ಹೇಳಿದ ಮೇಲೆ ಎದ್ದುಹೋಗಬೇಡಿ. ಪ್ರಶ್ನೆಗಳು ಹತ್ತು ನಿಮಿಷ ಬಿಟ್ಟು ಬರುತ್ತವೆ: ‘ನೋವಾಯ್ತಾ? ಕೊನೇಗೆ ಯಾರಿದ್ರು ಪಕ್ಕದಲ್ಲಿ?’ ಗೊತ್ತಿದ್ದರೆ ಹೇಳಿ, ಗೊತ್ತಿಲ್ಲದಿದ್ದರೆ ಗೊತ್ತಿಲ್ಲವೆನ್ನಿ.

ದೇಹ ನೋಡಬೇಕೋ ಬೇಡವೋ ಎಂಬುದನ್ನು ಮನೆಯವರೇ ನಿರ್ಧರಿಸಲಿ. ದೇಹ ಯಾವ ಸ್ಥಿತಿಯಲ್ಲಿದೆ ಎಂದು ಮೊದಲೇ ಮೆಲ್ಲಗೆ ತಿಳಿಸಿ. ಮುಖ ನೋಡಲಾಗದಿದ್ದರೆ ಕೈ, ಉಂಗುರ, ಉಡಿದಾರವನ್ನಾದರೂ ತೋರಿಸಬಹುದು. ನೀರು ತುಂಬಿದ ಗಣಿಗಳಲ್ಲಿ ದೇಹ ಸಿಗಲು ವಾರಗಳೇ ಹಿಡಿಯಬಹುದು. ಅಸ್ಸಾಮಿನ ಉಮ್ರಾಂಗ್ಸೋ ಬಳಿಯ ಗಣಿಗೆ 2025ರ ಜನವರಿ 6ರಂದು ನೀರು ನುಗ್ಗಿ 9 ಮಂದಿ ಸಿಕ್ಕಿಕೊಂಡರು. ಕೊನೆಯ ದೇಹಗಳು ಮೇಲೆ ಬಂದದ್ದು ಫೆಬ್ರವರಿಯಲ್ಲಿ. ಹೀಗಾದಾಗ ಗುರುತಿಗೆ ಡಿಎನ್‌ಎ ಮಾದರಿ ಕೇಳುತ್ತಾರೆ; ಯಾಕೆಂದು ವಿವರಿಸದೆ ತಾಯಿಯ ಬೆರಳಿಗೆ ಸೂಜಿ ಚುಚ್ಚಬಾರದು.

ದೇಹವೇ ಸಿಗದಿದ್ದರೆ ದುಃಖಕ್ಕೆ ಕೊನೆಯಿಲ್ಲ, ಕಾಗದಪತ್ರಕ್ಕೂ ದಾರಿಯಿಲ್ಲ. ಸಾಮಾನ್ಯವಾಗಿ ಕಾಣೆಯಾದವರನ್ನು ಸತ್ತರೆಂದು ಕಾನೂನು ಭಾವಿಸಲು 7 ವರ್ಷ ಬೇಕು. ಆದರೆ 2021ರ ಫೆಬ್ರವರಿಯಲ್ಲಿ ಉತ್ತರಾಖಂಡದ ಚಮೋಲಿಯಲ್ಲಿ ಪ್ರವಾಹ ಬಂದು ತಪೋವನದ ಸುರಂಗದೊಳಗೂ ಜನ ಸಿಕ್ಕಿಕೊಂಡಾಗ, ಕಾಣೆಯಾದವರಿಗೆ ಅಷ್ಟು ವರ್ಷ ಕಾಯದೆ ಮರಣ ಪ್ರಮಾಣಪತ್ರ ಕೊಡುವ ವಿಶೇಷ ವ್ಯವಸ್ಥೆ ಮಾಡಿದರು. ಆ ಉದಾಹರಣೆಯನ್ನು ಮುಂದಿಟ್ಟು ಜಿಲ್ಲಾಧಿಕಾರಿಯನ್ನು ಕೇಳಬಹುದು.

ಪರಿಹಾರದ ವಿಷಯದಲ್ಲಿ ಕೆಲವು ಸಂಗತಿ ನೆನಪಿರಲಿ. ಕೆಲಸದ ವೇಳೆಯ ಸಾವಿಗೆ ಕಾನೂನಿನ ಪರಿಹಾರ ಇದೆ. ಸರ್ಕಾರ ಘೋಷಿಸುವ ಪರಿಹಾರ ಬೇರೆ, ಇದು ಬೇರೆ. ಭವಿಷ್ಯನಿಧಿಯ ಜತೆಗೇ ಬರುವ ಇಡಿಎಲ್‌ಐ ವಿಮೆಯಲ್ಲಿ ಗರಿಷ್ಠ 7 ಲಕ್ಷ ರೂಪಾಯಿವರೆಗೆ ಸಿಗಬಹುದು; ಕುಟುಂಬ ಪಿಂಚಣಿಯೂ ಇದೆ. ಸಾವಿನ ಪ್ರಕರಣದಲ್ಲಿ ಗ್ರ್ಯಾಚುಟಿಗೆ 5 ವರ್ಷ ಸೇವೆಯ ಷರತ್ತು ಅನ್ವಯಿಸುವುದಿಲ್ಲ. ಮೊದಲ ಕೆಲವು ದಿನ ಯಾವ ಖಾಲಿ ಕಾಗದಕ್ಕೂ ಸಹಿ, ಹೆಬ್ಬೆಟ್ಟು ಹಾಕಬೇಡಿ. ವಕೀಲರ ಖರ್ಚಿಗೆ ಹೆದರಬೇಕಿಲ್ಲ: ಮಹಿಳೆಯರಿಗೆ, ಕಾರ್ಮಿಕರಿಗೆ, ಕೈಗಾರಿಕಾ ದುರಂತದ ಸಂತ್ರಸ್ತರಿಗೆ ಕಾನೂನು ಸೇವಾ ಪ್ರಾಧಿಕಾರ ಉಚಿತ ನೆರವು ಕೊಡುತ್ತದೆ. ದೂರವಾಣಿ ಸಂಖ್ಯೆ 15100.

ಬದುಕಿ ಬಂದ ಮೇಲೆ

ಹೊರಬಂದವನಿಗೆ ಹಾರ, ಮೆರವಣಿಗೆ, ಆರತಿ ಎಲ್ಲ ಆದ ಮೇಲೆ ಅಸಲಿ ದಿನಗಳು ಶುರುವಾಗುತ್ತವೆ. ಕತ್ತಲೆಂದರೆ ಬೆಚ್ಚುವುದು, ನಿದ್ದೆ ಬಾರದಿರುವುದು, ಸಿಡುಕು, ಕುಡಿತ. ಚಿಲಿಯಲ್ಲಿ ಬದುಕಿ ಬಂದವರಲ್ಲಿ ಹಲವರನ್ನು ಇಂಥ ತೊಂದರೆಗಳು ಬಹುಕಾಲ ಕಾಡಿದವು. ‘ಒಳಗೆ ಹೇಗಿತ್ತು’ ಎಂದು ಬಂದವರೆಲ್ಲ ಕೇಳುವುದನ್ನು ತಡೆಯಿರಿ. ಅವನಾಗಿ ಹೇಳಿದಾಗ ಕೇಳಿ. ಪಕ್ಕದವನು ಸತ್ತು ತಾನು ಉಳಿದೆ ಎಂಬ ಅಪರಾಧ ಭಾವ ಭಾರವಾಗಿರುತ್ತದೆ. ತಿಂಗಳು ಕಳೆದರೂ ನಿದ್ದೆ, ಊಟ, ಕೆಲಸ ಸರಿಹೋಗದಿದ್ದರೆ, ಸಾಯುವ ಮಾತು ಬಂದರಂತೂ ತಿಂಗಳು ಕಾಯದೆ ತಕ್ಷಣವೇ, ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಹಗಲೂ ರಾತ್ರಿ ಉಚಿತ, ಕನ್ನಡದಲ್ಲೂ ಮಾತಾಡುತ್ತಾರೆ. ಕಾದು ಕೂತಿದ್ದ ಹೆಂಡತಿಗೂ ತಾಯಿಗೂ ಇದೇ ನೆರವು ಬೇಕಾಗಬಹುದು. ಅವರೂ ಅಷ್ಟು ದಿನ ಗಣಿಯೊಳಗೇ ಇದ್ದವರು.

ಇವತ್ತೇ ಮಾಡಿಡಬಹುದಾದದ್ದು

ಮೇಲಿನ ಬಹಳಷ್ಟು ಸಂಕಟ ಅವಘಡಕ್ಕೂ ಮೊದಲಿನ ಅರ್ಧ ಗಂಟೆಯ ಕೆಲಸದಿಂದ ತಗ್ಗುತ್ತದೆ. ಗಣಿಯಲ್ಲೋ ಸುರಂಗದಲ್ಲೋ ಕೆಲಸ ಮಾಡುವವರು ಮನೆಯಲ್ಲಿದ್ದರೆ ಈ ಭಾನುವಾರ ಕೂತು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ: ಗಣಿಯ ಹೆಸರು, ಕೆಲಸ ಕೊಟ್ಟ ಗುತ್ತಿಗೆದಾರನ ಹೆಸರು, ಟೋಕನ್ ಸಂಖ್ಯೆ, ಪಾಳಿ, ಜತೆಗೆ ಇಳಿಯುವ ಇಬ್ಬರ ಫೋನ್ ನಂಬರು, ಭವಿಷ್ಯನಿಧಿಯ ಯುಎಎನ್ ಸಂಖ್ಯೆ, ಬ್ಯಾಂಕ್ ಖಾತೆ, ರಕ್ತದ ಗುಂಪು, ತೆಗೆದುಕೊಳ್ಳುವ ಔಷಧ. ನಾಮಿನಿ ಯಾರೆಂದು ನೋಡಿ. ಮದುವೆಗೆ ಮೊದಲು ಬರೆದದ್ದು ಹಾಗೇ ಉಳಿದಿದ್ದರೆ ಬದಲಿಸಿ. ಗುತ್ತಿಗೆ ಕೆಲಸವಾದರೆ ಹಾಜರಿ ಕಾರ್ಡು, ಸಂಬಳದ ಚೀಟಿಯ ಫೋಟೊ ಮನೆಯವರ ಮೊಬೈಲಿನಲ್ಲೂ ಇರಲಿ.

ಕಾರ್ಮಿಕ ಸಂಘದವರು ಆಡಳಿತಕ್ಕೆ ಮೂರು ಪ್ರಶ್ನೆ ಹಾಕಿ, ಉತ್ತರವನ್ನು ಲಿಖಿತವಾಗಿ ಪಡೆಯಿರಿ: ಅವಘಡವಾದರೆ ನಮ್ಮ ಮನೆಯವರು ಎಲ್ಲಿ ಕೂರಬೇಕು? ಅವರ ಜತೆ ಮಾತಾಡುವವರು ಯಾರು? ಎಷ್ಟು ಗಂಟೆಗೊಮ್ಮೆ? ರಕ್ಷಣೆಯ ಅಣಕು ಕಾರ್ಯಾಚರಣೆ ನಡೆಯುವ ದಿನ ಆ ಕೋಣೆಯ ಬೀಗವನ್ನೂ ತೆಗೆಸಿ. ಗೋಡೆಗೆ ಕರಿಹಲಗೆ ತೂಗಿದೆಯೇ, ಪಕ್ಕದಲ್ಲಿ ಸೀಮೆಸುಣ್ಣ ಇದೆಯೇ ಎಂದು ನಿಮ್ಮ ಕಣ್ಣಿಂದಲೇ ನೋಡಿ ಬನ್ನಿ.